ಹಡಗಿನ ಮಾದರಿಯಲ್ಲಿ ಐತಿಹಾಸಿಕ ನಿಖರತೆ: ಕಟ್ಟುವ ಕ್ರಮ, ತಪ್ಪು ತೋರಿಸುವ ಕ್ರಮ

ಎಂಟು ತಿಂಗಳು ಕೂತು ಮಾದರಿ ಮುಗಿಸಿ, ಹಗ್ಗದ ಕೊನೆಯ ಗಂಟನ್ನೂ ಬಿಗಿದು ಫೋಟೊ ತೋರಿಸಿದ ದಿನವೇ ಯಾರೋ ಒಬ್ಬರು ಹೇಳುತ್ತಾರೆ: ‘ಆ ವರ್ಷ ಈ ಹಡಗಿಗೆ ಇಂಥ ಹಿಂಬದಿ ಇರಲಿಲ್ಲ.’ ಕಟ್ಟಿದವರಿಗೆ ಸಿಟ್ಟು, ಹೇಳಿದವರಿಗೆ ಬೇಸರ. ಹಿಂಬದಿಯನ್ನು ಸರಿಪಡಿಸುವ ಕಾಲವಂತೂ ಆರು ತಿಂಗಳ ಹಿಂದೆಯೇ ಮುಗಿದಿರುತ್ತದೆ. ಇಲ್ಲಿ ಎಡವುವುದು ಕೈಗೆಲಸದಲ್ಲಲ್ಲ, ಕೆಲಸದ ಅನುಕ್ರಮದಲ್ಲಿ. ಯಾವ ವರ್ಷದ ಹಡಗು ಎಂದು ಮೊದಲೇ ಬರೆದಿಟ್ಟುಕೊಂಡಿಲ್ಲ, ಯಾವ ಆಧಾರದ ಮೇಲೆ ಕಟ್ಟಿದ್ದು ಎಂಬ ದಾಖಲೆಯಿಲ್ಲ, ಅಭಿಪ್ರಾಯ ಕೇಳಬೇಕಾದ ಹೊತ್ತಿನಲ್ಲಿ ಕೇಳಿಲ್ಲ.

ಉದಾಹರಣೆಗೆ ಉದ್ದಕ್ಕೂ ಒಂದೇ ಹಡಗನ್ನು ಇಟ್ಟುಕೊಳ್ಳೋಣ: ಎಚ್‌ಎಂಎಸ್ ಟ್ರಿಂಕೋಮಲಿ. ಎಚ್‌ಎಂಎಸ್ ಎಂಬುದು ಬ್ರಿಟಿಷ್ ಯುದ್ಧನೌಕೆಗಳ ಹೆಸರಿನ ಮುಂದೆ ಬರುವ ಗುರುತು. ಬ್ರಿಟಿಷ್ ನೌಕಾಪಡೆಗಾಗಿ ಬಾಂಬೆಯ ವಾಡಿಯಾ ಮನೆತನದ ಜಮ್‌ಶೆಟ್‌ಜಿ ಬೊಮನ್‌ಜಿ ಮಲಬಾರಿನ ತೇಗದಲ್ಲಿ ಕಟ್ಟಿದ ಫ್ರಿಗೇಟ್ (ಮಧ್ಯಮ ಗಾತ್ರದ, ವೇಗದ ಯುದ್ಧನೌಕೆ) ಇದು. 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು, ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಅಳತೆಗಳನ್ನೆಲ್ಲ 1:64 ಪ್ರಮಾಣಕ್ಕೆ, ಅಂದರೆ ನಿಜದ 64 ಮಿ.ಮೀ.ಗೆ ಮಾದರಿಯಲ್ಲಿ 1 ಮಿ.ಮೀ.ನಂತೆ ಕೊಟ್ಟಿದ್ದೇವೆ. ನಿಮ್ಮದು ಬೇರೆ ಹಡಗಾದರೂ, ಬೇರೆ ಪ್ರಮಾಣವಾದರೂ ಕ್ರಮ ಇದೇ.

## ಮೊದಲು ಕೈಯಲ್ಲಿರಬೇಕಾದ್ದು

ಮಿಲಿಮೀಟರ್ ಗುರುತಿನ ಉಕ್ಕಿನ ಅಳತೆಪಟ್ಟಿ, ಡಿಜಿಟಲ್ ಕ್ಯಾಲಿಪರ್, ಟ್ರೇಸಿಂಗ್ ಪೇಪರ್, ದಪ್ಪ ರಟ್ಟು, 2ಎಚ್ ಪೆನ್ಸಿಲ್, ಗೆರೆ ಹಾಕಿದ ನೋಟ್‌ಬುಕ್. ಮರಕ್ಕೆ ಹಚ್ಚುವ ಬಿಳಿ ಅಂಟು, ಒಂದು ಸಣ್ಣ ಬಾಟಲಿ ಐಸೊಪ್ರೊಪೈಲ್ ಆಲ್ಕೋಹಾಲ್.

ಕೊನೆಯದನ್ನು ಪಟ್ಟಿಯಲ್ಲಿ ಸೇರಿಸಲು ಕಾರಣವಿದೆ. ಒಣಗಿದ ಬಿಳಿ ಅಂಟಿನ ಕೂಡುಗೆರೆಗೆ ಈ ಆಲ್ಕೋಹಾಲನ್ನು ಕುಂಚದಿಂದ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಅಂಟು ಸಡಿಲಾಗುತ್ತದೆ, ಹಲಗೆ ಮುರಿಯದೆ ಬಿಚ್ಚಿಕೊಳ್ಳುತ್ತದೆ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಬಳಸಿದ್ದರೆ ಅಸಿಟೋನ್ ಬೇಕು, ಅದು ಸುತ್ತಲಿನ ಬಣ್ಣವನ್ನೂ ಮೆರುಗನ್ನೂ ಕರಗಿಸಿಬಿಡುತ್ತದೆ. ಹಾಗಾಗಿ ಮುಂದೆ ತಿದ್ದಬೇಕಾಗಬಹುದು ಎಂಬ ಅನುಮಾನ ಇರುವ ಕಡೆಯೆಲ್ಲ ಬಿಳಿ ಅಂಟನ್ನೇ ಬಳಸಿ. ಆಲ್ಕೋಹಾಲ್ ಬಳಸುವಾಗ ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

## 1. ಹಡಗು, ವರ್ಷ, ಸ್ಥಿತಿ: ಒಂದೇ ವಾಕ್ಯ

ಹಡಗು ಎಂದರೆ ಒಂದು ರೂಪವಲ್ಲ. ಟ್ರಿಂಕೋಮಲಿಗೇ ಕಡಿಮೆಯೆಂದರೂ ಮೂರು ರೂಪಗಳಿವೆ. 1819ರಲ್ಲಿ ಪೋರ್ಟ್ಸ್‌ಮತ್ ತಲುಪಿದಾಗ ಅದು ಫ್ರಿಗೇಟ್. ಅಲ್ಲಿಂದ ಇಪ್ಪತ್ತೈದು ವರ್ಷ ಕೆಲಸವಿಲ್ಲದೆ ನಿಂತಿತ್ತು. 1840ರ ದಶಕದ ಮಧ್ಯದಲ್ಲಿ ಫಿರಂಗಿಗಳ ಸಂಖ್ಯೆ ಇಳಿಸಿ, ಇನ್ನೂ ದೊಡ್ಡ ಫಿರಂಗಿಗಳನ್ನು ಕೂರಿಸಿ, ಹಿಂತುದಿಯ ಆಕಾರವನ್ನೇ ಬದಲಿಸಿ ಅದನ್ನು ಕಾರ್ವೆಟ್ (ಫ್ರಿಗೇಟಿಗಿಂತ ಕೆಳದರ್ಜೆಯ ಯುದ್ಧನೌಕೆ) ಮಾಡಿದರು. ಆಮೇಲೆ ಫೂಡ್ರಾಯಾಂಟ್ ಎಂಬ ಹೆಸರಲ್ಲಿ ಹುಡುಗರ ತರಬೇತಿ ಹಡಗಾಗಿ ದಶಕಗಳ ಕಾಲ ಇತ್ತು. 1987ರಲ್ಲಿ ಹಾರ್ಟಲ್‌ಪೂಲ್‌ಗೆ ಬಂದು, 2001ರ ಹೊತ್ತಿಗೆ ಜೀರ್ಣೋದ್ಧಾರ ಮುಗಿದು ಇಂದಿನ ರೂಪ ಪಡೆಯಿತು.

ಇವುಗಳಲ್ಲಿ ಒಂದನ್ನು ಆರಿಸಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಹೀಗೆ: ‘ಎಚ್‌ಎಂಎಸ್ ಟ್ರಿಂಕೋಮಲಿ, 1819, ಪೋರ್ಟ್ಸ್‌ಮತ್ ತಲುಪಿದಾಗಿನ ರೂಪ, ಕೂವೆಮರ ಮತ್ತು ಹಗ್ಗ ಸಮೇತ, ಹಾಯಿ ಇಲ್ಲದೆ, 1:64.’ (ಕೂವೆಮರ ಎಂದರೆ ಹಾಯಿ ಕಟ್ಟುವ ಎತ್ತರದ ಕಂಬ.) ಇಷ್ಟು ಬರೆಯಲು ಆಗದಿದ್ದರೆ ಅಂಟಿನ ಬಾಟಲಿ ತೆರೆಯಬೇಡಿ.

ಎಲ್ಲರೂ ಮಾಡುವ ತಪ್ಪು ಕಲಬೆರಕೆ. 1805ರ ಟ್ರಫಾಲ್ಗರ್ ಕದನದ ಎಚ್‌ಎಂಎಸ್ ವಿಕ್ಟರಿಯನ್ನು ಕಟ್ಟಹೊರಟು, 1765ರಲ್ಲಿ ನೀರಿಗಿಳಿದಾಗ ಇದ್ದ ತೆರೆದ ಹಿಂಬದಿ ಮೊಗಸಾಲೆಗಳನ್ನು ಚೆಂದ ಕಂಡಿತೆಂದು ಕೂರಿಸುತ್ತಾರೆ. 1800ರಿಂದ 1803ರವರೆಗೆ ನಡೆದ ದೊಡ್ಡ ದುರಸ್ತಿಯಲ್ಲಿ ಅವುಗಳನ್ನು ಮುಚ್ಚಿ, ಮೂತಿಗೊಂಬೆಯನ್ನೂ ಸರಳಗೊಳಿಸಿದ್ದರು. ಒಂದೊಂದು ಭಾಗವೂ ಪ್ರತ್ಯೇಕವಾಗಿ ಸರಿಯೇ ಇರುತ್ತದೆ, ಒಟ್ಟು ಹಡಗು ಮಾತ್ರ ಯಾವ ಕಾಲದಲ್ಲೂ ಇರದಿದ್ದ ಹಡಗಾಗುತ್ತದೆ.

## 2. ಆಧಾರಗಳನ್ನು ಕೂಡಿಸಿ, ದರ್ಜೆ ಹಾಕಿ

ಸಿಕ್ಕಿದ್ದನ್ನೆಲ್ಲ ಒಂದೇ ಕಡತಕ್ಕೆ ತುಂಬಿದರೆ ಉಪಯೋಗವಿಲ್ಲ. ಪ್ರತಿ ನಕ್ಷೆ, ಚಿತ್ರ, ಫೋಟೊದ ಮೂಲೆಯಲ್ಲಿ ಅದು ತಯಾರಾದ ವರ್ಷವನ್ನೂ ಈ ನಾಲ್ಕು ಅಕ್ಷರಗಳಲ್ಲಿ ಒಂದನ್ನೂ ಬರೆಯಿರಿ.

ಅ: ಅದೇ ಹಡಗಿನ, ಅದೇ ಕಾಲದ ನಕ್ಷೆ, ಅಳತೆಪಟ್ಟಿ, ಅಥವಾ ಬದಲಾಗದೆ ಉಳಿದ ಮೂಲ ಮರದ ಭಾಗ. ಬ್ರಿಟಿಷ್ ನೌಕಾಪಡೆಯ ಹಡಗುಗಳ ಮೂಲ ನಕ್ಷೆಗಳ ದೊಡ್ಡ ಸಂಗ್ರಹ ಲಂಡನ್ನಿನ ಗ್ರೀನಿಚ್ ವಸ್ತುಸಂಗ್ರಹಾಲಯದಲ್ಲಿದೆ. ಬಹುಪಾಲು 1:48ರಲ್ಲಿ, ಅಂದರೆ ಒಂದು ಅಡಿಗೆ ಕಾಲು ಇಂಚಿನಂತೆ ಬರೆದವು.

ಆ: ಅದೇ ವರ್ಗದ ಇನ್ನೊಂದು ಹಡಗು, ಅಥವಾ ಆ ಕಾಲದ ನೌಕಾಪಡೆಯ ಸಾಮಾನ್ಯ ನಿಯಮ.

ಇ: ಆ ಕಾಲದ ವರ್ಣಚಿತ್ರ, ಆ ಕಾಲದಲ್ಲೇ ಮಾಡಿದ ಮಾದರಿ.

ಈ: ಈಚಿನವರ ಪುನಾರಚನೆ, ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ಕೊಡುವ ಕಿಟ್‌ನ ನಕ್ಷೆ, ಸಿನಿಮಾ, ಇನ್ನೊಬ್ಬರು ಕಟ್ಟಿದ ಮಾದರಿಯ ಫೋಟೊ.

ಮೂರು ಬೇರೆ ಬೇರೆ ಕಂಪನಿಯ ಕಿಟ್‌ಗಳು ಒಂದೇ ರೀತಿ ತೋರಿಸಿದರೆ ಅದು ಮೂರು ಸಾಕ್ಷಿಯಲ್ಲ. ಒಂದು ಇನ್ನೊಂದನ್ನು ನೋಡಿ ಬರೆದದ್ದಿರಬಹುದು. ‘ಈ’ ದರ್ಜೆಯದು ಎಷ್ಟು ಕೂಡಿದರೂ ‘ಈ’ಯೇ.

ಅಪಾಯ ಹೆಚ್ಚಿರುವುದು ‘ಅ’ ದರ್ಜೆಯಲ್ಲಿ, ಏಕೆಂದರೆ ಅಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಹಡಗೇ ಎದುರಿಗಿದೆಯಲ್ಲ, ಫೋಟೊ ತೆಗೆದರೆ ಆಯಿತು ಎಂದುಕೊಳ್ಳುತ್ತಾರೆ. ಆದರೆ ಉಳಿದಿರುವ ಹಡಗು ತನ್ನ ಬದುಕಿನ ಎಲ್ಲ ಕಾಲವನ್ನೂ ಒಟ್ಟಿಗೆ ಹೊತ್ತು ನಿಂತಿರುತ್ತದೆ. ವಿಕ್ಟರಿಗೆ 19ನೇ ಶತಮಾನದ ಕೊನೆಯಲ್ಲಿ ನಿಲ್ಲಿಸಿದ ಕೆಳಗಿನ ಕೂವೆಮರಗಳು ಕಬ್ಬಿಣದ ಕೊಳವೆಗಳು, 1805ರವು ಮರದವು. ಫೋಟೊ ನೋಡಿ ನುಣುಪಾದ ಕೊಳವೆ ಕೊರೆದರೆ, ತುಂಡುಗಳನ್ನು ಜೋಡಿಸಿ ಹಗ್ಗ ಸುತ್ತಿ ಬಿಗಿದ ಮರದ ಕೂವೆ ಎಲ್ಲಿ ಹೋಯಿತು?

ನಕ್ಷೆಯದೂ ಅದೇ ಕಥೆ. ನಕ್ಷೆ ಹೇಳುವುದು ‘ಹೀಗೆ ಕಟ್ಟಿ’ ಎಂದು. ‘ಹೀಗೆ ಕಟ್ಟಿದ್ದೇವೆ’ ಎಂದು ಹೇಳುವ ನಕ್ಷೆ ಬೇರೆಯೇ ಇರುತ್ತದೆ, ಎಲ್ಲ ಹಡಗಿಗೂ ಅದು ಉಳಿದಿಲ್ಲ. ಟ್ರಿಂಕೋಮಲಿಯ ನಕ್ಷೆಗಳನ್ನು ಬಾಂಬೆಗೆ ತರುತ್ತಿದ್ದ ಎಚ್‌ಎಂಎಸ್ ಜಾವಾ 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್‌ಗೆ ಸಿಕ್ಕಿ ನಾಶವಾಯಿತು. ಪ್ರತಿಯನ್ನು ಮತ್ತೆ ಕಳಿಸಬೇಕಾಯಿತು. ಒಂದೇ ವಿನ್ಯಾಸದ ನಕ್ಷೆಗೆ ಹಲವು ಪ್ರತಿಗಳಿರುತ್ತವೆ, ಕಟ್ಟುವವರ ಕೈಯಲ್ಲಿದ್ದದ್ದು ಅವುಗಳಲ್ಲಿ ಒಂದು. ನಿಮಗೆ ಸಿಕ್ಕ ನಕ್ಷೆಯ ಮೇಲಿನ ದಿನಾಂಕ, ಹಡಗಿನ ಹೆಸರು, ಬದಿಯ ಟಿಪ್ಪಣಿ ಇವನ್ನು ಗೆರೆಗಳಿಗಿಂತ ಮೊದಲು ಓದಿ. ಬೇರೆ ಬಣ್ಣದ ಶಾಯಿಯಲ್ಲಿ ಆಮೇಲೆ ತಿದ್ದಿದ ಗೆರೆಗಳಿದ್ದರೆ ಅವು ಇನ್ನೊಂದು ವರ್ಷದವು ಎಂದೇ ಲೆಕ್ಕ.

‘ಆ’ ದರ್ಜೆಯಲ್ಲಿ ಬೀಳುವ ಹಳ್ಳ ಎಂದರೆ ಒಡಹುಟ್ಟಿದ ಹಡಗು. ಸ್ಕಾಟ್ಲೆಂಡಿನ ಡಂಡೀಯಲ್ಲಿರುವ ಎಚ್‌ಎಂಎಸ್ ಯೂನಿಕಾರ್ನ್ ಕೂಡ ಟ್ರಿಂಕೋಮಲಿಯಂತೆ ಲೀಡಾ ವರ್ಗಕ್ಕೆ ಸೇರಿದ್ದು, 1824ರಲ್ಲಿ ನೀರಿಗಿಳಿದದ್ದು. ಆದರೆ ಅಷ್ಟರಲ್ಲಿ ವಿನ್ಯಾಸ ಪರಿಷ್ಕೃತವಾಗಿತ್ತು, ಅದರ ದುಂಡು ಹಿಂತುದಿ ಟ್ರಿಂಕೋಮಲಿಯ 1819ರ ರೂಪಕ್ಕೆ ಆಧಾರವಾಗುವುದಿಲ್ಲ. ಒಳಗಿನ ಜಾಗ, ಡೆಕ್ಕಿನ ಹಂಚಿಕೆಯ ಅಂದಾಜಿಗೆ ಯೂನಿಕಾರ್ನ್ ಬಳಸಿ, ಹಿಂತುದಿಗೆ ಬೇಡ.

## 3. ಪ್ರಮಾಣ ಪರೀಕ್ಷೆ

ಮುದ್ರಿಸಿದ ನಕ್ಷೆ ಹಿಗ್ಗಿರುತ್ತದೆ ಇಲ್ಲವೇ ಕುಗ್ಗಿರುತ್ತದೆ. ಉದ್ದಕ್ಕೆ ಒಂದು ಅಳತೆ, ಎತ್ತರಕ್ಕೆ ಒಂದು ಅಳತೆ, ಎರಡನ್ನೂ ಪ್ರತ್ಯೇಕ ಪರೀಕ್ಷಿಸಿ. ಟ್ರಿಂಕೋಮಲಿಯ ಗನ್‌ಡೆಕ್ (ಮುಖ್ಯ ಫಿರಂಗಿ ಸಾಲಿರುವ ಡೆಕ್) ಉದ್ದ ಸುಮಾರು 150 ಅಡಿ 4½ ಇಂಚು, ಅಂದರೆ 150.375 ಅಡಿ. ಒಂದು ಅಡಿಗೆ 304.8 ಮಿ.ಮೀ.ನಂತೆ ಗುಣಿಸಿ 64ರಿಂದ ಭಾಗಿಸಿದರೆ 716 ಮಿ.ಮೀ. ನಕ್ಷೆಯಲ್ಲಿ 709 ಬಂದರೆ ಶೇ 1ರಷ್ಟು ಕುಗ್ಗಿದೆ ಎಂದರ್ಥ. ಎತ್ತರದಲ್ಲೂ ಅಷ್ಟೇ ಕುಗ್ಗಿದ್ದರೆ ಹಿಗ್ಗಿಸಿ ಮುದ್ರಿಸಿಕೊಳ್ಳಿ. ಒಂದೇ ದಿಕ್ಕಿನಲ್ಲಿ ಕುಗ್ಗಿದ್ದರೆ ಆ ಪ್ರತಿಯನ್ನು ಪಕ್ಕಕ್ಕಿಡಿ.

ಕಿಟ್ ಪೆಟ್ಟಿಗೆಯ ಮೇಲೆ ಬರೆದ ಉದ್ದ ಮೂತಿಯ ಮುಂದೆ ಚಾಚಿದ ಮರವನ್ನೂ ಸೇರಿಸಿದ ಉದ್ದ. ಅದನ್ನು ಗನ್‌ಡೆಕ್ ಉದ್ದಕ್ಕೆ ಹೋಲಿಸಿ ‘ಪ್ರಮಾಣವೇ ತಪ್ಪು’ ಎಂದು ದೂರುವವರು ಬಹಳ.

ಮುಂದಿನ ಕೆಲಸ ಹತ್ತು ನಿಮಿಷದ್ದು, ಉಳಿಸುವುದು ವಾರಗಟ್ಟಲೆ. ರಟ್ಟಿನಲ್ಲಿ 26 ಮಿ.ಮೀ. ಎತ್ತರದ ಒಬ್ಬ ಮನುಷ್ಯನನ್ನು ಕತ್ತರಿಸಿ. ಐದೂವರೆ ಅಡಿಯ ನಾವಿಕ 1:64ರಲ್ಲಿ ಇಷ್ಟೇ. ಅವನನ್ನು ಪ್ರತಿ ಬಾಗಿಲಿನ ಮುಂದೆ, ಮೆಟ್ಟಿಲ ಬುಡದಲ್ಲಿ, ಫಿರಂಗಿಯ ಹಿಂದೆ, ಚುಕ್ಕಾಣಿ ಚಕ್ರದ ಪಕ್ಕ ನಿಲ್ಲಿಸಿ. ಮೆಟ್ಟಿಲು ಅವನ ಮೊಣಕಾಲಿಗಿಂತ ಎತ್ತರ ಬಂದರೆ, ಚಕ್ರದ ಹಿಡಿ ಕೈಗೆ ಎಟುಕದಿದ್ದರೆ ಆ ಭಾಗ ಬೇರೆ ಯಾವುದೋ ಪ್ರಮಾಣದ ಕಿಟ್‌ಗೆಂದು ಎರಕ ಹೊಯ್ದದ್ದು. ಲೋಹದ ಬಿಡಿಭಾಗಗಳಲ್ಲಿ ಇದು ಮಾಮೂಲು.

ಹಗ್ಗದ ಲೆಕ್ಕದಲ್ಲಿ ಜಾಣರೂ ಮುಗ್ಗರಿಸುತ್ತಾರೆ. ಹಳೆಯ ನೌಕಾ ಪಟ್ಟಿಗಳಲ್ಲಿ ಹಗ್ಗದ ಗಾತ್ರ ಎಂದರೆ ಸುತ್ತಳತೆ, ವ್ಯಾಸವಲ್ಲ. 6 ಇಂಚಿನ ಹಗ್ಗವನ್ನು 3.14ರಿಂದ ಭಾಗಿಸಿದಾಗ ವ್ಯಾಸ 1.91 ಇಂಚು, 1:64ಕ್ಕೆ 0.76 ಮಿ.ಮೀ. ಭಾಗಿಸುವುದನ್ನು ಮರೆತರೆ 2.4 ಮಿ.ಮೀ. ದಾರ ಬರುತ್ತದೆ. ಮಾದರಿಯ ಹಗ್ಗಗಳೆಲ್ಲ ದನ ಕಟ್ಟುವ ಹಗ್ಗದಂತೆ ಕಂಡರೆ ಮೊದಲು ಈ ಭಾಗಾಕಾರವನ್ನೇ ಅನುಮಾನಿಸಿ. ದಾರದ ವ್ಯಾಸ ಅಳೆಯಲು ಪೆನ್ಸಿಲ್ ಮೇಲೆ ಒತ್ತೊತ್ತಾಗಿ 20 ಸುತ್ತು ಸುತ್ತಿ, ಒಟ್ಟು ಅಗಲವನ್ನು 20ರಿಂದ ಭಾಗಿಸಿ. ಕ್ಯಾಲಿಪರ್ ದಾರವನ್ನು ಹಿಚುಕಿ ಕಡಿಮೆ ತೋರಿಸುತ್ತದೆ.

## 4. ಅಂಟು ಹಾಕುವ ಮೊದಲು ಕಿಟ್ ತಪಾಸಣೆ

ಕಿಟ್‌ನ ತಪ್ಪುಗಳಿಗೆ ಸಿಟ್ಟಾಗುವುದು ವ್ಯರ್ಥ. ಬೆಲೆ, ಸುಲಭ ಜೋಡಣೆ, ಪೆಟ್ಟಿಗೆಯ ಗಾತ್ರ ಎಲ್ಲ ನೋಡಿ ಮಾಡಿದ ರಾಜಿ ಅದು. ತಪ್ಪು ಎಲ್ಲೆಲ್ಲಿದೆ ಎಂದು ಮೊದಲೇ ತಿಳಿದಿದ್ದರೆ ಸಾಕು.

ಪಕ್ಕೆಲುಬಿನ ಹಲಗೆಗಳನ್ನು ಹಡಗಿನ ಬೆನ್ನೆಲುಬಾದ ಕೀಲ್‌ಗೆ ಅಂಟಿಲ್ಲದೆ ಕೂರಿಸಿ, ಟ್ರೇಸಿಂಗ್ ಪೇಪರಿನ ಮೇಲೆ ಮೂಲ ನಕ್ಷೆಯ ಅಡ್ಡಕೊಯ್ತದ ಗೆರೆಗಳನ್ನು ತೆಗೆದುಕೊಂಡು ಹೋಲಿಸಿ. 1 ಮಿ.ಮೀ. ವ್ಯತ್ಯಾಸವನ್ನು ಮರಳು ಕಾಗದ ನೋಡಿಕೊಳ್ಳುತ್ತದೆ. 3 ಮಿ.ಮೀ. ಮೀರಿದರೆ ಪಟ್ಟಿ ಅಂಟಿಸಿ ಉಬ್ಬಿಸಬೇಕು ಇಲ್ಲವೇ ಹೊಸದು ಕತ್ತರಿಸಬೇಕು. ಹಲಗೆ ಹೊದಿಸಿದ ಮೇಲೆ ಒಡಲಿನ ಆಕಾರ ಬದಲಿಸಲು ಯಾವ ಆಲ್ಕೋಹಾಲೂ ನೆರವಾಗದು.

ಬಳಿಕ ಫಿರಂಗಿ ಕಿಂಡಿಗಳು. ಕಿಂಡಿಯ ಮೇಲಂಚು, ಕೆಳಂಚು ಡೆಕ್ಕಿನ ಬಾಗನ್ನು ಅನುಸರಿಸುತ್ತವೆ, ಪಕ್ಕದ ಅಂಚುಗಳು ನೀರಿನ ಮಟ್ಟಕ್ಕೆ ಲಂಬವಾಗಿ ನೆಟ್ಟಗೆ ನಿಲ್ಲುತ್ತವೆ. ಹೊರಗಿನ ದಪ್ಪ ಹಲಗೆಪಟ್ಟಿಯ ಬಾಗು ಡೆಕ್ಕಿನ ಬಾಗಿಗಿಂತ ಹೆಚ್ಚು. ಅದನ್ನು ನೋಡಿ ಕಿಂಡಿ ಕೊರೆದರೆ ಮೂತಿಯ ಕಡೆ ಫಿರಂಗಿ ಕಿಂಡಿಯ ಕೆಳಂಚಿಗೆ ತಾಗುತ್ತದೆ, ನಡುವೆ ಮೇಲಂಚಿಗೆ ತಾಗುತ್ತದೆ. ಕಿಂಡಿ ಕತ್ತರಿಸುವ ಮೊದಲು ಒಂದು ಫಿರಂಗಿಯನ್ನು ಗಾಡಿ ಸಮೇತ ಮೂತಿ, ನಡು, ಹಿಂತುದಿ ಮೂರು ಕಡೆಯೂ ಇಟ್ಟು ನೋಡಿ. ಗಾಡಿಯ ಚಕ್ರ ನಾಲ್ಕೂ ಒಂದೇ ಅಳತೆ ಇದ್ದರೆ ಗುರುತು ಮಾಡಿಕೊಳ್ಳಿ: ಬ್ರಿಟಿಷ್ ನೌಕಾ ಗಾಡಿಗಳಲ್ಲಿ ಮುಂದಿನ ಜೋಡಿ ಹಿಂದಿನದಕ್ಕಿಂತ ದೊಡ್ಡದು, ಏಕೆಂದರೆ ಡೆಕ್ ಬದಿಗೆ ಇಳಿಜಾರು.

ಮರದ ವಿಚಾರ ತುಸು ವಿಚಿತ್ರ. ಟ್ರಿಂಕೋಮಲಿ ತೇಗದ ಹಡಗು, ಹಾಗಾಗಿ ತೇಗದಲ್ಲೇ ಮಾದರಿ ಕಟ್ಟಬೇಕೆಂದು ಅನೇಕರಿಗೆ ಅನಿಸುತ್ತದೆ. ತೇಗದ ಎಳೆ, ರಂಧ್ರಗಳು ಎದ್ದು ಕಾಣುವಂಥವು. 64 ಪಟ್ಟು ಕುಗ್ಗಿದ ಹಡಗಿನ ಮೇಲೆ ಕುಗ್ಗದ ಎಳೆ ಕೂತರೆ ಹಲಗೆಗಳಲ್ಲಿ ಕಾಲುವೆ ತೋಡಿದಂತೆ ಕಾಣುತ್ತದೆ. ಕಿಟ್‌ನ ವಾಲ್ನಟ್‌ಗೂ ಇದೇ ದೋಷ. ನೋಟಕ್ಕೆ ನಿಜ ಅನಿಸಬೇಕಾದರೆ ಸೂಕ್ಷ್ಮ ಎಳೆಯ ಮರ ಬೇಕು. ವಿದೇಶದಲ್ಲಿ ಪೇರ್, ಬಾಕ್ಸ್ ಮರಗಳನ್ನು ಬಳಸುತ್ತಾರೆ. ಚನ್ನಪಟ್ಟಣದ ಬೊಂಬೆಗೆ ಹೆಸರಾದ ಹಾಲೆ ಮರ ನಮ್ಮಲ್ಲೇ ಇದೆ, ತಿಳಿ ಬಣ್ಣದ್ದು, ಎಳೆ ನಯ. ಚೆನ್ನಾಗಿ ಒಣಗಿದ ತುಂಡಿನಿಂದ 1 ಮಿ.ಮೀ. ಪಟ್ಟಿ ಸೀಳಿ, ಬಿಸಿನೀರಿನಲ್ಲಿ ನೆನೆಸಿ ಮೂತಿಯ ತಿರುವಿಗೆ ಬಗ್ಗಿಸಿ ಪರೀಕ್ಷಿಸಿ, ಆಮೇಲೆ ದೊಡ್ಡ ಮೊತ್ತ ಕೊಳ್ಳಿ.

## 5. ಕಟ್ಟುವಾಗ ಮೂರು ನಿಲುಗಡೆ

ಪ್ರತಿ ನಿಲುಗಡೆಯಲ್ಲೂ ಕೆಲಸ ನಿಲ್ಲಿಸಿ, ಫೋಟೊ ತೆಗೆದು, ಇನ್ನೊಬ್ಬರ ಕಣ್ಣಿಗೆ ತೋರಿಸಿ. ತೋರಿಸುವ ಬಗೆ 7ನೇ ಹಂತದಲ್ಲಿದೆ.

ಹೊರ ಹಲಗೆಗೆ ಮುಂಚೆ. ಕಿಟ್ ಕೊಡುವ ಪಟ್ಟಿ ಮೂತಿಯಿಂದ ಹಿಂತುದಿಯವರೆಗೆ ಒಂದೇ ತುಂಡು. ನಿಜದ ಲೆಕ್ಕದಲ್ಲಿ ಅದು 45 ಮೀಟರ್ ಉದ್ದದ ಹಲಗೆ, ಅಂಥ ಹಲಗೆ ಕೊಡುವ ಮರ ಮಲಬಾರಿನಲ್ಲೂ ಇರಲಿಲ್ಲ. 24 ಅಡಿಯ ಹಲಗೆ ಎಂದು ಹಿಡಿದರೆ 114 ಮಿ.ಮೀ., 10 ಇಂಚು ಅಗಲವೆಂದರೆ 4 ಮಿ.ಮೀ. ಅಷ್ಟಕ್ಕೆ ಕತ್ತರಿಸಿ. ಒಂದೇ ಪಕ್ಕೆಲುಬಿನ ಮೇಲೆ ಎರಡು ಸಾಲುಗಳ ಕೂಡುಗಳು ಬಂದರೆ ನಡುವೆ ಕನಿಷ್ಠ ಮೂರು ಪೂರ್ತಿ ಹಲಗೆಗಳಿರಲಿ. ಈ ಹಂಚಿಕೆಯನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ.

ಮೂತಿಯ ಕಡೆ ಸುತ್ತಳತೆ ಕಡಿಮೆ, ಸಾಲುಗಳ ಸಂಖ್ಯೆ ಅಷ್ಟೇ. ಆದ್ದರಿಂದ ಪ್ರತಿ ಹಲಗೆಯೂ ಮುಂದಕ್ಕೆ ಹೋದಂತೆ ಕಿರಿದಾಗಬೇಕು. ನಡುಭಾಗದಲ್ಲಿ ಸುತ್ತಳತೆ ಅಳೆದು ಸಾಲುಗಳ ಸಂಖ್ಯೆಯಿಂದ ಭಾಗಿಸಿ, ಮೂತಿಯಲ್ಲೂ ಹಾಗೇ ಮಾಡಿ. ಅಲ್ಲಿ ಬಂದ ಅಗಲ ನಡುವಿನ ಅಗಲದ ಅರ್ಧಕ್ಕಿಂತ ಕಡಿಮೆಯಾದರೆ ಹಲಗೆಯನ್ನು ಚೂಪುಗೊಳಿಸಬೇಡಿ, ಎರಡು ಸಾಲನ್ನು ಒಂದರೊಳಗೆ ಸೇರಿಸಿ. ಸೂಜಿಯಂತೆ ಮೊನಚಾದ ಹಲಗೆ ತುದಿ ಕಂಡರೆ ಅಳೆಯದೆ ಹೊದಿಸಿದ್ದಾರೆಂದು ತಿಳಿಯಿರಿ. ಹಡಗುಕಟ್ಟೆಯಲ್ಲಿ ಅಂಥ ತುದಿಗೆ ಮೊಳೆ ಹೊಡೆಯಲು ಜಾಗವೇ ಇರುತ್ತಿರಲಿಲ್ಲ.

ಡೆಕ್ ಮುಚ್ಚುವ ಮುಂಚೆ. ಹಲಗೆಗಳ ನಡುವಿನ ಕಪ್ಪು ಗೆರೆಗೆ ಮಾರ್ಕರ್ ಪೆನ್ ಬಳಸಿದರೆ ಶಾಯಿ ಎಳೆಯೊಳಗೆ ಹರಡುತ್ತದೆ. ಹಲಗೆಯ ಒಂದೇ ಬದಿಗೆ 2ಎಚ್ ಪೆನ್ಸಿಲ್ ಸವರಿದರೆ ಸಾಕು. ಮರದ ಮೊಳೆಗಳು 1¼ ಇಂಚಿನವು ಎಂದರೆ ಇಲ್ಲಿ ಅರ್ಧ ಮಿ.ಮೀ., ಬಣ್ಣವೂ ಹಲಗೆಯದೇ. ದೂರದಿಂದ ಎಣಿಸಬಹುದಾದ ಕಪ್ಪು ಚುಕ್ಕಿಗಳಿದ್ದರೆ ಅದು ಹಡಗಿನ ಡೆಕ್ಕಲ್ಲ, ಚೌಕಾಬಾರ ಮಣೆ.

ತಾಮ್ರದ ಹೊದಿಕೆಗೂ ಇದೇ ಮಾತು. ಬ್ರಿಟಿಷ್ ನೌಕಾಪಡೆ 1780ರ ಸುಮಾರಿಗೆ ಅದನ್ನು ವ್ಯಾಪಕವಾಗಿ ಅಳವಡಿಸಿಕೊಂಡಿತು. ಹಾಗಾಗಿ 1750ರ ಹಡಗಿಗೆ ಚೆಂದಕ್ಕೆಂದು ತಾಮ್ರ ಹಚ್ಚಬೇಡಿ. ತಗಡಿನ ಅಳತೆ 4 ಅಡಿ, 14 ಇಂಚು: ಇಲ್ಲಿ 19 ಮಿ.ಮೀ., 5.6 ಮಿ.ಮೀ. ಮುಂದಿನ ತಗಡಿನ ಹಿಂದಂಚು ಹಿಂದಿನದರ ಮೇಲೆ ಬರಬೇಕು, ಇಲ್ಲದಿದ್ದರೆ ನೀರಿನ ಹರಿವು ಅಂಚನ್ನು ಎಬ್ಬಿಸುತ್ತದೆ. ಆದ್ದರಿಂದ ಹಚ್ಚುವ ಕೆಲಸ ಚುಕ್ಕಾಣಿಯ ಕಡೆಯಿಂದ ಶುರು. ಉಬ್ಬಿದ ಮೊಳೆತಲೆ ಅಚ್ಚೊತ್ತಿದ ತಗಡು ಕಿಟ್‌ನಲ್ಲಿದ್ದರೆ ಚಮಚದ ಬೆನ್ನಿನಿಂದ ಉಜ್ಜಿ ಚಪ್ಪಟೆ ಮಾಡಿ. ನಿಜದ ಮೊಳೆತಲೆ ಈ ಪ್ರಮಾಣದಲ್ಲಿ ಮಿ.ಮೀ.ನ ಐದನೇ ಒಂದು ಭಾಗದಷ್ಟು, ಅದೂ ತಗಡಿನ ಮಟ್ಟಕ್ಕೆ ಕೂತಿರುತ್ತಿತ್ತು.

ಹಗ್ಗಕ್ಕೆ ಮುಂಚೆ. ಕೂವೆಮರವನ್ನು ಬದಿಗಳಿಂದ ಹಿಡಿದಿಡುವ ಶ್ರೌಡ್ ಹಗ್ಗಗಳನ್ನು ಜೋಡಿಜೋಡಿಯಾಗಿ ಹಾಕುವುದು: ಮೊದಲು ಬಲಬದಿಯ ಮುಂದಿನ ಜೋಡಿ, ಆಮೇಲೆ ಎಡಬದಿಯ ಮುಂದಿನ ಜೋಡಿ, ಮತ್ತೆ ಬಲ. ಒಂದೇ ಬದಿಯನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ತುದಿಯಲ್ಲಿ ಕುಣಿಕೆಗಳು ತಪ್ಪು ಕ್ರಮದಲ್ಲಿ ಕೂರುತ್ತವೆ, ಕೂವೆಮರವೂ ಒಂದು ಕಡೆಗೆ ವಾಲುತ್ತದೆ. ಏಣಿಹಗ್ಗಗಳ ಅಂತರ 13 ಇಂಚು, ಅಂದರೆ 5 ಮಿ.ಮೀ. ಗೆರೆ ಹಾಕಿದ ಕಾಗದವನ್ನು ಹಿಂದೆ ಇಟ್ಟು ಕಟ್ಟಿ. ರಟ್ಟಿನ ಮನುಷ್ಯ ಮತ್ತೆ ಕೆಲಸಕ್ಕೆ ಬರುತ್ತಾನೆ: ಅವನು ಹತ್ತಲಾಗದ ಏಣಿ ಏಣಿಯಲ್ಲ. ಸ್ಥಿರ ಹಗ್ಗಗಳಿಗೆ ಟಾರ್ ಬಳಿದಿರುತ್ತಾರೆ, ಬಣ್ಣ ಕಡುಕಂದು. ಹಾಯಿಗಳನ್ನು ಎಳೆಯಲು ಓಡಾಡುವ ಹಗ್ಗಗಳದು ತಿಳಿ ಬಣ್ಣ. ಎರಡಕ್ಕೂ ಒಂದೇ ದಾರ ಬಳಸಬೇಡಿ.

ಬಣ್ಣದ ಬಗ್ಗೆ ಒಂದೇ ಎಚ್ಚರಿಕೆ. ವಿಕ್ಟರಿಯ ಮೇಲೆ ಉಳಿದಿದ್ದ ಬಣ್ಣದ ಪದರಗಳನ್ನು ಪರೀಕ್ಷಿಸಿ 2015ರಲ್ಲಿ ಹಡಗಿಗೆ ಮೊದಲಿಗಿಂತ ಮಾಸಲಾದ ಹಳದಿ ಹಚ್ಚಿದರು. ಅದಕ್ಕೂ ಹಿಂದಿನ ಕಿಟ್‌ಗಳ ಬಣ್ಣಪಟ್ಟಿ ಗಾಢ ಹಳದಿಯನ್ನೇ ಹೇಳುತ್ತದೆ. ಪಟ್ಟಿಯ ಮೇಲಿನ ವರ್ಷ ನೋಡದೆ ಡಬ್ಬಿ ಕೊಳ್ಳಬೇಡಿ.

## 6. ಒಪ್ಪಿಕೊಂಡ ತಪ್ಪುಗಳ ಪಟ್ಟಿ

ನೋಟ್‌ಬುಕ್ಕಿನ ಕೊನೆಯ ಪುಟದಿಂದ ಹಿಂದಕ್ಕೆ ಒಂದು ಪಟ್ಟಿ ಇಡಿ. ನಾಲ್ಕು ಅಂಕಣ: ಭಾಗ, ಮೂಲದಲ್ಲಿ ಹೇಗಿತ್ತು, ನಾನು ಹೇಗೆ ಮಾಡಿದೆ, ಏಕೆ. ‘ತಾಮ್ರದ ಮೊಳೆ: ಬಿಟ್ಟಿದ್ದೇನೆ, ಈ ಪ್ರಮಾಣದಲ್ಲಿ ಕಾಣದು.’ ‘ಒಳ ಡೆಕ್ಕಿನ ಕಂಬಗಳು: ಅಂದಾಜು, ಆಧಾರ ಆ.’ ಆಧಾರ ಮುಗಿದು ಊಹೆ ಶುರುವಾಗುವ ಜಾಗವನ್ನು ಅಡಗಿಸಬೇಡಿ. ಗೊತ್ತಿದ್ದು ಬಿಟ್ಟದ್ದು ಒಂದು, ಗೊತ್ತಿಲ್ಲದೆ ಆದದ್ದು ಇನ್ನೊಂದು. ನೋಡುವವರಿಗೆ ಎರಡೂ ಒಂದೇ ತರ ಕಾಣುತ್ತವೆ, ಬೇರೆ ಮಾಡುವುದು ಈ ಪುಟ ಮಾತ್ರ. ಸ್ಪರ್ಧೆಗೆ ಕಳಿಸುವ ಉದ್ದೇಶವಿದ್ದರೆ ಮಾದರಿಯ ಜೊತೆ ನಕ್ಷೆ, ದಾಖಲೆಗಳನ್ನೂ ಕೊಡಬೇಕಾಗುತ್ತದೆ, ಆಗ ಇದೇ ಪುಟ ಅರ್ಧ ಕೆಲಸ ಮುಗಿಸಿರುತ್ತದೆ.

## 7. ಅಭಿಪ್ರಾಯ ಕೇಳುವ ಬಗೆ

‘ಹೇಗಿದೆ ಹೇಳಿ’ ಎಂದು ಕೇಳಿದರೆ ‘ಸೂಪರ್ ಸರ್’ ಎಂಬ ಉತ್ತರವೇ ಬರುವುದು. ಮೊದಲ ಹಂತದಲ್ಲಿ ಬರೆದ ವಾಕ್ಯವನ್ನು ಮೇಲೆ ಹಾಕಿ. ನಾಲ್ಕು ಫೋಟೊ ಕೊಡಿ: ಪೂರ್ತಿ ಬದಿನೋಟ, ಎದುರಿನಿಂದ, ಹಿಂದಿನಿಂದ, ಮೇಲಿನಿಂದ. ಕ್ಯಾಮೆರಾ ಹಡಗಿನ ಮಟ್ಟದಲ್ಲೇ ಇರಲಿ, ಕನಿಷ್ಠ ಒಂದೂವರೆ ಮೀಟರ್ ದೂರ ನಿಂತು ಝೂಮ್ ಮಾಡಿ. ಹತ್ತಿರದಿಂದ ಮೊಬೈಲಿನಲ್ಲಿ ತೆಗೆದರೆ ಮೂತಿ ಉಬ್ಬಿ, ನೇರ ಗೆರೆ ಬಾಗುತ್ತದೆ, ಇಲ್ಲದ ತಪ್ಪು ಕಾಣುತ್ತದೆ. ಒಂದು ಫೋಟೊದಲ್ಲಿ ಅಳತೆಪಟ್ಟಿ ಕಾಣುವಂತಿರಲಿ.

ಆಮೇಲೆ ಮೂರು ವಿಷಯ ತಿಳಿಸಿ: ಈಗ ಏನನ್ನು ಬದಲಿಸಬಹುದು, ಏನನ್ನು ಬದಲಿಸಲು ಆಗದು, ನಿಮಗೆ ಯಾವ ಭಾಗದ ಬಗ್ಗೆ ಅನುಮಾನ. ‘ಕಿಂಡಿಗಳ ಸಾಲು ಡೆಕ್ಕಿಗೆ ಸರಿ ಇದೆಯೇ?’ ಎಂಬ ಪ್ರಶ್ನೆಗೆ ಗೊತ್ತಿರುವವರು ಅಳೆದು ಉತ್ತರ ಕೊಡುತ್ತಾರೆ.

## 8. ತಪ್ಪು ತೋರಿಸುವ ಬಗೆ

ಇದು ಹಲಗೆ ಬಗ್ಗಿಸುವಷ್ಟೇ ನಾಜೂಕು. ಕ್ರಮ ತಪ್ಪಿದರೆ ಇಲ್ಲೂ ಮುರಿಯುತ್ತದೆ.

ಮೊದಲು ವರ್ಷ ಕೇಳಿ. ‘ಇದು ಯಾವ ಕಾಲದ ರೂಪ ಅಂತ ಇಟ್ಟುಕೊಂಡಿದ್ದೀರಿ ಸರ್?’ ಎದುರಿನವರು 1850ರ ಕಾರ್ವೆಟ್ ಕಟ್ಟಿರುವಾಗ 1819ರ ಹಿಂತುದಿ ಎಲ್ಲಿ ಎಂದು ಕೇಳಿದರೆ ನಗೆಪಾಟಲಾಗುವುದು ನೀವು. ಉದ್ದೇಶವನ್ನೂ ತಿಳಿದುಕೊಳ್ಳಿ. ಮಗಳ ಕೋಣೆಯ ಕಪಾಟಿಗೆಂದು ಮೊದಲ ಬಾರಿ ಕಿಟ್ ಜೋಡಿಸಿದವರಿಗೆ ಹಗ್ಗದ ತಿರುವಿನ ದಿಕ್ಕಿನ ಪಾಠ ಬೇಡ, ಅವರು ಕೇಳದಿದ್ದರೆ.

ಎರಡನೆಯದು, ನಿಮ್ಮ ಆಧಾರವನ್ನು ತೆಗೆದು ಮತ್ತೊಮ್ಮೆ ನೋಡಿ. ನೆನಪಿನಿಂದ ಹೇಳಬೇಡಿ. ನಿಮ್ಮ ಬಳಿ ಇರುವುದು ‘ಈ’ ದರ್ಜೆಯದಾಗಿದ್ದರೆ ಅದನ್ನು ತಪ್ಪೆಂದು ಹೇಳುವ ಹಕ್ಕು ನಿಮಗಿಲ್ಲ, ಪ್ರಶ್ನೆಯಾಗಿ ಕೇಳಬಹುದು. ವಿಕ್ಟರಿಯ ಬದಿಯ ಪ್ರವೇಶದ್ವಾರ ಟ್ರಫಾಲ್ಗರ್ ಹೊತ್ತಿಗೆ ಇತ್ತೇ ಇಲ್ಲವೇ ಎಂಬಂಥ ವಿಷಯಗಳಲ್ಲಿ ಬಲ್ಲವರೇ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಅಂಥ ಕಡೆ ‘ಎರಡು ವಾದಗಳಿವೆ, ನೀವು ಇದನ್ನು ಆರಿಸಿದ್ದು ಏಕೆ?’ ಎನ್ನುವುದೇ ಸರಿ.

ಮೂರನೆಯದು, ಒಮ್ಮೆಗೆ ಎರಡು ಅಥವಾ ಮೂರು ಅಂಶ, ಅವುಗಳಲ್ಲಿ ಈಗಲೂ ತಿದ್ದಲು ಸಾಧ್ಯವಿರುವುದು ಮೊದಲು. ಹದಿನಾಲ್ಕು ಅಂಶಗಳ ಪಟ್ಟಿ ಕೊಟ್ಟರೆ ಒಂದೂ ತಿದ್ದಿಕೊಳ್ಳುವುದಿಲ್ಲ. ಇನ್ನು ತಿದ್ದಲಾಗದ ತಪ್ಪನ್ನು ಎಲ್ಲರೆದುರು ಹೇಳಬೇಡಿ. ಅವರ ಮುಂದಿನ ಹಡಗಿಗೆ ಉಪಯೋಗವಾಗುವುದಾದರೆ ಬೇರೆಯಾಗಿ ತಿಳಿಸಿ.

ನಾಲ್ಕನೆಯದು ವಾಕ್ಯ. ಹೀಗೆ ಬೇಡ: ‘ಹಗ್ಗ ಎಲ್ಲಾ ತಪ್ಪು. ಇಷ್ಟೂ ನೋಡ್ಕೊಂಡಿಲ್ವಾ?’ ಹೀಗೆ ಹೇಳಿ: ‘ಶ್ರೌಡ್ ಹಗ್ಗ ಈ ಪ್ರಮಾಣಕ್ಕೆ ತುಂಬ ದಪ್ಪ ಕಾಣ್ತಿದೆ. ಪಟ್ಟಿಯ ಅಳತೆ ಸುತ್ತಳತೆಯದು, 3.14ರಿಂದ ಭಾಗಿಸಿದ್ದೀರಾ ಒಮ್ಮೆ ನೋಡಿ. ಇನ್ನೂ ಏಣಿಹಗ್ಗ ಕಟ್ಟಿಲ್ಲವಾದ್ದರಿಂದ ಬದಲಿಸೋಕೆ ಆಗುತ್ತೆ.’ ಕಂಡದ್ದೇನು, ಆಧಾರವೇನು, ಈಗ ಏನು ಮಾಡಬಹುದು, ಮೂರೂ ಇದರಲ್ಲಿವೆ. ಕಟ್ಟಿದವರ ಬಗ್ಗೆ ಒಂದಕ್ಷರವೂ ಇಲ್ಲ. ಹೊಗಳಿಕೆಯನ್ನು ಮುಂದೆ ಒಂದು, ಹಿಂದೆ ಒಂದು ಸೇರಿಸುವ ಚಾಳಿಯನ್ನೂ ಬಿಡಿ. ನಿಜವಾಗಿ ಚೆನ್ನಾಗಿರುವುದಿದ್ದರೆ ಯಾವುದು, ಏಕೆ ಎಂದು ಅಷ್ಟೇ ಖಚಿತವಾಗಿ ಹೇಳಿ: ‘ಮೂತಿಯಲ್ಲಿ ಹಲಗೆ ಎಲ್ಲೂ ಅರ್ಧಕ್ಕಿಂತ ಕಿರಿದಾಗಿಲ್ಲ.’

ಹಾದಿ ತಪ್ಪುತ್ತಿದೆ ಎಂಬುದಕ್ಕೆ ಲಕ್ಷಣಗಳಿವೆ: ಎದುರಿನವರು ಎರಡನೇ ಸಲವೂ ಆಧಾರ ಕೇಳಿದಾಗ ನೀವು ನಿಮ್ಮ ಅನುಭವದ ವರ್ಷಗಳನ್ನು ಎಣಿಸಲು ಶುರುಮಾಡಿದ್ದೀರಿ, ಅಥವಾ ಹಡಗಿನ ಹೆಸರಿಗಿಂತ ಮನುಷ್ಯನ ಹೆಸರು ಹೆಚ್ಚು ಸಲ ಬರುತ್ತಿದೆ. ಅಲ್ಲಿಗೆ ನಿಲ್ಲಿಸಿ.

## 9. ಕೇಳಿಸಿಕೊಂಡ ಮೇಲೆ

ಅದೇ ದಿನ ಉತ್ತರ ಬರೆಯಬೇಡಿ, ಅದೇ ದಿನ ಹಲಗೆಯನ್ನೂ ಕೀಳಬೇಡಿ. ಎರಡನೆಯದೇ ಹೆಚ್ಚು ನಷ್ಟ ಮಾಡುವಂಥದ್ದು. ಯಾರೋ ಅಂದರೆಂದು ಸರಿಯಿದ್ದದ್ದನ್ನೇ ಕಿತ್ತು ಕೆಡಿಸಿಕೊಂಡವರು ಕಡಿಮೆಯಿಲ್ಲ.

ಹೇಳಿದ ಅಂಶವನ್ನು ನೋಟ್‌ಬುಕ್ಕಿನಲ್ಲಿ ಬರೆದು ಅದರ ಪಕ್ಕ ಅವರ ಆಧಾರದ ದರ್ಜೆ, ನಿಮ್ಮ ಆಧಾರದ ದರ್ಜೆ ಹಾಕಿ. ಅವರದು ಮೇಲಿದ್ದರೆ ತಿದ್ದುವ ಖರ್ಚು ಲೆಕ್ಕ ಹಾಕಿ: ಎಷ್ಟು ಭಾಗ ಬಿಚ್ಚಬೇಕು, ಬಿಚ್ಚುವಾಗ ಏನೇನು ಹಾಳಾಗಬಹುದು. ಒಂದೆರಡು ಸಂಜೆಯ ಕೆಲಸವಾದರೆ ತಿದ್ದಿ. ಒಡಲನ್ನೇ ಒಡೆಯಬೇಕಾದರೆ 6ನೇ ಹಂತದ ಪಟ್ಟಿಗೆ ಒಂದು ಸಾಲು ಸೇರಿಸಿ ಮುಂದುವರಿಯಿರಿ. ದರ್ಜೆ ಸಮವಾಗಿದ್ದರೆ ಇದ್ದಹಾಗೇ ಬಿಡಿ. ಅವರದು ಕೆಳಗಿದ್ದರೆ ನಿಮ್ಮ ಆಧಾರದ ಪ್ರತಿಯನ್ನು ಕಳಿಸಿ, ವಾದ ಬೇಡ.

ಎಲ್ಲ ಮುಗಿದು ಪೀಠಕ್ಕೆ ಹೆಸರಿನ ಫಲಕ ಹಾಕುವಾಗ ಬರೀ ‘ಎಚ್‌ಎಂಎಸ್ ಟ್ರಿಂಕೋಮಲಿ’ ಎಂದು ಕೆತ್ತಿಸಬೇಡಿ. ‘ಎಚ್‌ಎಂಎಸ್ ಟ್ರಿಂಕೋಮಲಿ, 1819ರ ರೂಪ, 1:64’ ಎಂದು ಇರಲಿ. ತಪ್ಪುಗಳ ಪಟ್ಟಿಯ ಒಂದು ನಕಲನ್ನು ಮಡಿಸಿ ಪೀಠದ ಕೆಳಗೆ ಅಂಟಿಸಿ.